ಮಲೆನಾಡಿನ ಕಪಾಟಿನಲ್ಲಿ ಗುಲಾಬಿ ಗಾಜು

ಅಮೆರಿಕದಲ್ಲಿ 1929ರ ಷೇರುಪೇಟೆ ಕುಸಿತದ ನಂತರದ ಕಷ್ಟದ ವರ್ಷಗಳಲ್ಲಿ ಯಂತ್ರದ ಅಚ್ಚಿನಲ್ಲಿ ಒತ್ತಿ ತೆಗೆದ ಅಗ್ಗದ ಗಾಜಿನ ತಟ್ಟೆ, ಬಟ್ಟಲುಗಳು ಓಟ್ಸ್ ಡಬ್ಬಿಯೊಳಗೆ, ಸಿನಿಮಾ ಟಿಕೆಟಿನ ಜೊತೆಗೆ ಪುಕ್ಕಟೆಯಾಗಿ ಮನೆಮನೆ ಸೇರಿದವು. ಡಿಪ್ರೆಶನ್ ಗ್ಲಾಸ್ ಎಂದು ಹೆಸರಾದ ಈ ಪಾತ್ರೆಗಳಲ್ಲಿ ಗುಲಾಬಿ ಬಣ್ಣದವಕ್ಕೆ ಇಂದು ಸಂಗ್ರಹಕಾರರಲ್ಲಿ ಬಹಳ ಬೇಡಿಕೆ. ಒಡೆಯದಂತೆ ನೋಡಿಕೊಂಡರೆ ಗಾಜು ಶಾಶ್ವತ ಎಂಬುದು ಸಾಮಾನ್ಯ ನಂಬಿಕೆ. ಶೃಂಗೇರಿ ಸಮೀಪದ ಕಿಗ್ಗದಂಥ ಊರಿನಲ್ಲಿ ಈ ನಂಬಿಕೆಯನ್ನು ತಿದ್ದಿಕೊಳ್ಳಬೇಕು. ಮಳೆಗಾಗಿ ಜನ ಮೊರೆಹೋಗುವ ಋಷ್ಯಶೃಂಗನ ಊರದು. ಮಳೆಗಾಲವಿಡೀ ಬಟ್ಟೆ ಒಣಗದ, ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವ ಕಡೆ ಹಳೆಯ ಗಾಜನ್ನು ಒಳಗೊಳಗೇ ಕೆಡಿಸುವುದು ಮುಚ್ಚಿದ ಕಪಾಟಿನ ತೇವ.

ಕಾರಣ ಗಾಜಿನ ಹುಟ್ಟಿನಲ್ಲೇ ಇದೆ. ಶುದ್ಧ ಮರಳು ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಸೋಡಾ ಬೆರೆಸಿದರೆ ಅಷ್ಟು ಶಾಖ ಬೇಡ. ಹೊಸದುರ್ಗದ ಬಳಿಯ ಮತ್ತೋಡಿನಲ್ಲಿ ಬಳೆಗಾಗಿ ಗಾಜು ಕಾಯಿಸುತ್ತಿದ್ದುದನ್ನು 1800–01ರ ಪ್ರವಾಸದಲ್ಲಿ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಅಲ್ಲಿಯೂ ಕುಲುಮೆಯ ಕೆಲಸ ಸುಲಭವಾಗಿಸಿದ್ದು ಇಂಥ ಕ್ಷಾರವೇ. ಆದರೆ ಸೋಡಾದಿಂದ ಬಂದ ಸೋಡಿಯಂ ಗಾಜಿನಲ್ಲಿ ಬಿಗಿಯಾಗಿ ಕೂರುವುದಿಲ್ಲ. ಮೇಲ್ಮೈಯಲ್ಲಿ ತೇವ ನಿಂತರೆ ನೀರಿನ ಹೈಡ್ರೋಜನ್ ಒಳಕ್ಕೆ ಇಳಿಯುತ್ತದೆ, ಸೋಡಿಯಂ ಹೊರಕ್ಕೆ ಬರುತ್ತದೆ. ಆ ತೆಳು ನೀರಿನ ಪೊರೆ ಕ್ಷಾರವಾಗುತ್ತಾ ಹೋಗಿ, ಕೊನೆಗೆ ಮರಳಿನ ಸಿಲಿಕಾ ಜಾಲವನ್ನೇ ಕರಗಿಸತೊಡಗುತ್ತದೆ. ಗುಲಾಬಿ ಬಣ್ಣ ಕೊಡುವ ಸೆಲೆನಿಯಂ ಅಲ್ಪ ಪ್ರಮಾಣದಲ್ಲಿ ಗಾಜಿನ ಮೈಯೊಳಗೆಲ್ಲ ಹರಡಿರುವುದರಿಂದ ಬಣ್ಣ ಹಾಗೇ ಉಳಿಯುತ್ತದೆ. ಅದರ ಮೇಲೆ ಹಾಲಿನಂಥ ಮಬ್ಬು ಕವಿಯುತ್ತದೆ.

ಹಾಗಾದರೆ ಅದೇ ಮಳೆಗೆ ಮೈಯೊಡ್ಡಿದ ಕಿಟಕಿ ಗಾಜು ದಶಕಗಟ್ಟಲೆ ತಿಳಿಯಾಗಿರುವುದು ಹೇಗೆ ಎಂದು ಕೇಳಬಹುದು. ಈ ಪ್ರಶ್ನೆಯೇ ವಾದವನ್ನು ಗಟ್ಟಿ ಮಾಡುತ್ತದೆ. ಸುರಿಯುವ ಮಳೆ ಹೊರಬಂದ ಕ್ಷಾರವನ್ನು ತೊಳೆದುಕೊಂಡು ಹೋಗುತ್ತದೆ. ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಸಂದಿಯಲ್ಲಿ ಸಿಕ್ಕಿಕೊಂಡ ತೇವ ಎಲ್ಲಿಗೂ ಹೋಗದೆ ಅಲ್ಲೇ ಸಾಂದ್ರವಾಗುತ್ತದೆ. ಕಾರ್ಖಾನೆಗಳಲ್ಲಿ ಗಾಜಿನ ಹಾಳೆಗಳನ್ನು ಪೇರಿಸುವಾಗ ನಡುವೆ ಕಾಗದವನ್ನೋ ಆಮ್ಲೀಯ ಪುಡಿಯನ್ನೋ ಹಾಕುವುದು ಈ ಕಾರಣಕ್ಕೇ. ಇನ್ನೊಂದು ಆಕ್ಷೇಪ, ಇದೆಲ್ಲ ಬಹಳ ನಿಧಾನ, ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬುದು. ನಿಧಾನ ಎನ್ನುವುದು ನಿಜ. ಆದರೆ ತೊಂಬತ್ತು ವರ್ಷ ದಾಟಿದ ವಸ್ತುವನ್ನು ಇನ್ನೊಂದು ತಲೆಮಾರಿಗೆ ದಾಟಿಸಬೇಕೆನ್ನುವವರು ನಿಧಾನದ ಹಾನಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಕರಗಿಹೋದ ಮೇಲ್ಮೈ ಮತ್ತೆ ಬರುವುದಿಲ್ಲ.

ಕೊಳ್ಳುವಾಗ ಮಾಡಬಹುದಾದ ಪರೀಕ್ಷೆ ಸರಳ. ಮಬ್ಬಾದ ಬಟ್ಟಲಿಗೆ ನಿಂಬೆರಸ ಹಚ್ಚಿ, ತೊಳೆದು, ಪೂರ್ತಿ ಒಣಗಿಸಿ ನೋಡಬೇಕು. ಮಬ್ಬು ಹೋದರೆ ಅದು ಗಡಸು ನೀರು ಬಿಟ್ಟ ಸುಣ್ಣದ ಕಲೆ. ಒದ್ದೆಯಿದ್ದಾಗ ಮಾಯವಾಗಿ ಒಣಗಿದೊಡನೆ ಮರಳಿದರೆ ಗಾಜೇ ಸವೆದಿದೆ ಎಂದು ಅರ್ಥ. ಸೂಕ್ಷ್ಮ ಕುಳಿಗಳನ್ನು ನೀರು ತುಂಬಿದ್ದರಿಂದ ತಾತ್ಕಾಲಿಕವಾಗಿ ತಿಳಿಯಾಗಿ ಕಂಡಿತ್ತು, ಅಷ್ಟೆ. ಕ್ಷಾರವೂ ಒರಟೂ ಆದ ಒಲೆಯ ಬೂದಿಯಿಂದ ಇಂಥ ಪಾತ್ರೆ ತಿಕ್ಕಬಾರದು. ತೊಳೆದ ಮೇಲೆ ಚೆನ್ನಾಗಿ ಒರೆಸಿ, ಒಂದಕ್ಕೊಂದು ತಾಗದಂತೆ, ಗಾಳಿಯಾಡುವ ಕಡೆ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವವನ್ನೂ ಜೊತೆಗೇ ಕಟ್ಟಿಟ್ಟಂತೆ. ಮಲೆನಾಡಿನಲ್ಲಿ ಹಳೆಯ ಗಾಜು ಸಂಗ್ರಹಿಸುವವರಿಗೆ ಬೀರುವಿನ ಬೀಗಕ್ಕಿಂತ ಅದರೊಳಗೆ ಗಾಳಿಯಾಡುವ ದಾರಿ ಮುಖ್ಯ.