ಹವ್ಯಾಸಿ ರೇಡಿಯೋ ಯಂತ್ರಕ್ಕೆ ಉಪಕರಣಗಳ ಜೋಡಣೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು, ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸುವುದರೊಡನೆ ಆರಂಭವಾಗುತ್ತದೆ. ಹವ್ಯಾಸಿ ರೇಡಿಯೋಗಾರರ ಸಂಭಾಷಣೆಯೂ ಕುಶಲಪ್ರಶ್ನೆಯಿಂದಲೇ ತೊಡಗುವುದು. ಶಿಲೆಗೆ ಬದಲಾಗಿ ಇಲ್ಲಿ ವಿದ್ಯುತ್ ತರಂಗವು ವಾಹನವಾಗಿದೆ, ಅಷ್ಟೆ. ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಸ್ವಗೃಹದಲ್ಲಿಯೇ ೩೦ ವಾಟಿನ ಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಪ್ರಸಾರಮಾಡಿದರು. ಕಳುಹಲೂ ಕೇಳಲೂ ಬರುವ ೧೦೦ ವಾಟಿನ ಟ್ರಾನ್ಸೀವರ್ ಯಂತ್ರವು ಈಗ ಮೇಜಿನ ಒಂದು ಮೂಲೆಯಲ್ಲಿ ಅಡಗುತ್ತದೆ. ಸರಕಾರದ ಪರವಾನಗಿಯನ್ನು ಪಡೆದವರು ಚಳ್ಳಕೆರೆಯ ಮನೆಯಿಂದಲೇ ದೂರದೇಶದವರೊಡನೆ ಮಾತನಾಡಬಹುದು. ಆದರೆ ಹೊರಗಿನ ಉಪಕರಣಗಳ ಜೋಡಣೆಯು ಕ್ರಮವಾಗಿಲ್ಲದಿದ್ದರೆ ಯಂತ್ರಕ್ಕೂ ಮನೆಗೂ ಹಾನಿಯುಂಟು. ಆ ಕ್ರಮವನ್ನು ನಾವಿಲ್ಲಿ ಸಂಗ್ರಹವಾಗಿ ಹೇಳುವೆವು.

ಮೊದಲನೆಯದು ಭೂಸಂಪರ್ಕ, ಎಂದರೆ ಅರ್ತ್. ನಮ್ಮದು ಮಳೆ ವಿರಳವಾದ ಸೀಮೆ. ಒಣನೆಲವು ವಿದ್ಯುತ್ತನ್ನು ಸುಲಭವಾಗಿ ಒಯ್ಯಲಾರದು. ಗೋಡೆಯ ಬದಿಯಲ್ಲಿ ಗೇಣುದ್ದದ ಸಲಾಕೆಯನ್ನು ನೆಟ್ಟರೆ ಅದು ನಾಮಮಾತ್ರದ ಅರ್ತ್ ಆದೀತು. ಸುಮಾರು ೮ ಅಡಿ ಆಳದ ಗುಂಡಿಯಲ್ಲಿ ಜಿ. ಐ. ಪೈಪನ್ನು ನಿಲ್ಲಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ, ಬೇಸಗೆಯಲ್ಲಿ ಆಗಾಗ್ಗೆ ನೀರೆರೆಯತಕ್ಕದ್ದು. ಇದನ್ನು ಮನೆಯ ವಿದ್ಯುತ್ತಿನ ಅರ್ತಿನೊಡನೆ ಬಲ್ಲವರಿಂದ ಕೂಡಿಸಬೇಕು.

ಎರಡನೆಯದು ಆಂಟೆನಾ. ೭.೧ ಮೆಗಾಹರ್ಟ್ಸಿಗೆ ಸುಮಾರು ೧೦ ಮೀಟರಿನ ಎರಡು ತಂತಿಗಳನ್ನು ಇಕ್ಕೆಲಕ್ಕೆ ಎಳೆದು, ನಡುವಿನಿಂದ ೫೦ ಓಮಿನ ಕೇಬಲನ್ನು ಇಳಿಸಿದರೆ ಸಾಕು. ವಿದ್ಯುತ್ ಕಂಬದ ತಂತಿಗಳ ಸಮೀಪಕ್ಕೆ ಇದು ಎಂದಿಗೂ ಹೋಗಕೂಡದು. ಯಂತ್ರಕ್ಕೂ ಕೇಬಲಿಗೂ ನಡುವೆ ಎಸ್. ಡಬ್ಲ್ಯು. ಆರ್. ಮೀಟರನ್ನಿಟ್ಟರೆ, ಎಷ್ಟು ಶಕ್ತಿ ಹಿಂದಕ್ಕೆ ಮರಳುತ್ತಿದೆಯೆಂಬುದು ತಿಳಿಯುತ್ತದೆ. ಮುಳ್ಳು ೧.೫ರ ಒಳಗಿದ್ದರೆ ಉತ್ತಮ. ೩ನ್ನು ಮೀರಿದರೆ ಪ್ರಸಾರವನ್ನು ನಿಲ್ಲಿಸಬೇಕು. ಆಂಟೆನಾ ಇಲ್ಲದೆ ಪ್ರಸಾರ ಮಾಡಿದರೆ, ಮರಳಿದ ಶಕ್ತಿಯು ಟ್ರಾನ್ಸಿಸ್ಟರುಗಳನ್ನೇ ಸುಟ್ಟೀತು.

ಮೂರನೆಯದು ವಿದ್ಯುತ್ ಪೂರೈಕೆ. ಇಂತಹ ಯಂತ್ರವು ೧೩.೮ ವೋಲ್ಟಿನಲ್ಲಿ ಸುಮಾರು ೨೦ ಆಂಪಿಯರನ್ನು ಸೆಳೆಯುವುದು. ಆದುದರಿಂದ ತಂತಿಯು ದಪ್ಪವಾಗಿಯೂ ಗಿಡ್ಡವಾಗಿಯೂ ಇರಬೇಕು, ಫ್ಯೂಸು ಇರಲೇಬೇಕು, ಕೆಂಪು ಧನಕ್ಕೆ, ಕಪ್ಪು ಋಣಕ್ಕೆ. ಮೈಕು, ಹೆಡ್‌ಫೋನು, ಮೋರ್ಸ್ ಕೀಲಿಗಳನ್ನು ಯಂತ್ರವನ್ನು ಆರಿಸಿಯೇ ಸೇರಿಸತಕ್ಕದ್ದು. ಎರಡು ಕಂಪೆನಿಗಳ ಮೈಕಿನ ಪ್ಲಗ್ಗು ನೋಟಕ್ಕೆ ಒಂದೇ ಆಗಿದ್ದರೂ ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು. ಕೈಪಿಡಿಯ ಚಿತ್ರವನ್ನು ನೋಡದೆ ಚುಚ್ಚಬಾರದು.

ಕಡೆಯದಾಗಿ ಸಿಡಿಲಿನ ಮಾತು. ಎಷ್ಟೇ ಒಳ್ಳೆಯ ಅರ್ತ್ ಇದ್ದರೂ ನೇರವಾಗಿ ಎರಗಿದ ಸಿಡಿಲಿನಿಂದ ಯಂತ್ರವು ಉಳಿಯುವುದೆಂಬ ಭರವಸೆಯಿಲ್ಲ. ಮುಂಗಾರಿಗೆ ಮುನ್ನ ಮೋಡ ಕಟ್ಟತೊಡಗಿದೊಡನೆಯೇ ಕೇಬಲನ್ನು ಕಳಚಿ ಮನೆಯ ಹೊರಗಿಡಬೇಕು. ಗುಡುಗು ಕೇಳಿದ ಮೇಲೆ ಅದನ್ನು ಯಾರೂ ಮುಟ್ಟಬಾರದು. ಈ ನಿಯಮವನ್ನು ಮಕ್ಕಳಾದಿಯಾಗಿ ಮನೆಮಂದಿಗೆಲ್ಲ ಮೊದಲೇ ತಿಳಿಸಿರುವುದು ಗೃಹಸ್ಥನ ಕರ್ತವ್ಯ.