ಹಳೆಯ ಜಾಲತಾಣಕ್ಕೆ ಒಪ್ಪುವ ಹೊಸ ಪುಟ

ಘೋಡಬಂದರ್ ರಸ್ತೆಯ ಉದ್ದಕ್ಕೂ, ಅತ್ತ ಡೊಂಬಿವಲಿ, ಕಲ್ಯಾಣಗಳಲ್ಲಿಯೂ, ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ಕನ್ನಡಿಗರು ಕಟ್ಟಿಕೊಂಡ ಸಂಘಗಳು, ಭಜನಾ ಮಂಡಳಿಗಳು ಹಲವಿವೆ. ಇಂತಹ ಸಂಸ್ಥೆಗಳ ಜಾಲತಾಣಗಳಲ್ಲಿ, ಅಂದರೆ ವೆಬ್‌ಸೈಟುಗಳಲ್ಲಿ, ಸಾಮಾನ್ಯವಾಗಿ ಸಂಘದ ಹೆಸರು, ಉದ್ದೇಶ, ಕಾರ್ಯಕಾರಿ ಸಮಿತಿ, ವಿಳಾಸ ಇಷ್ಟು ಇರುತ್ತದೆ. ಒಮ್ಮೆ ಮಾಡಿಸಿದ್ದು ಹಾಗೆಯೇ ಉಳಿದಿರುತ್ತದೆ. ವಿದ್ಯಾರ್ಥಿವೇತನದ ಅರ್ಜಿ, ವಾಚನಾಲಯದ ವೇಳೆ, ರಾಜ್ಯೋತ್ಸವದ ಸುದ್ದಿ ಇವನ್ನು ಆಗಾಗ ಬರೆಯಬೇಕಾದಾಗ ವರ್ಡ್‌ಪ್ರೆಸ್‌ನಂತಹ ಸಾಧನದಿಂದ ಬೇರೊಂದು ಪುಟವನ್ನು ಮಾಡಿ ಹಳೆಯದಕ್ಕೆ ಜೋಡಿಸುವುದು ವಾಡಿಕೆ. ಆ ಪುಟದ ಉಡುಗೆಗೆ ಥೀಮ್ ಎಂದು ಹೆಸರು. ಸಾವಿರಾರು ಸಿದ್ಧ ಥೀಮುಗಳೊಳಗೆ ನಮ್ಮ ಹಳೆಯ ತಾಣಕ್ಕೆ ಒಪ್ಪುವಂಥದನ್ನು ಆರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಇದು ಬರಿಯ ಅಲಂಕಾರದ ಮಾತಲ್ಲ. ಎರಡನೆಯ ಪಾಳಿ ಮುಗಿಸಿ ಲೋಕಲ್ ಗಾಡಿಯಲ್ಲಿ ನಿಂತವನು, ಮಗಳ ವಿದ್ಯಾರ್ಥಿವೇತನದ ಕೊನೆಯ ದಿನವನ್ನು ತಿಳಿಯಲೆಂದು ಮೊಬೈಲಿನಲ್ಲಿ ಸಂಘದ ತಾಣವನ್ನು ತೆರೆಯುತ್ತಾನೆ ಎನ್ನೋಣ. 'ಸುದ್ದಿ' ಎಂಬುದನ್ನು ಒತ್ತಿದೊಡನೆ ಬೇರೆ ಬಣ್ಣ, ಬೇರೆ ಅಕ್ಷರ, ಬೇರೆ ತಲೆಬರಹ ಎದುರಾದರೆ, ಯಾರದೋ ಬಾಗಿಲಿಗೆ ಬಂದೆನೆಂದು ಹಿಂದಿರುಗುತ್ತಾನೆ. ಸುಳ್ಳು ಪುಟಗಳನ್ನು ತೋರಿಸಿ ಹಣ ಕೀಳುವವರಿರುವ ಈ ಕಾಲದಲ್ಲಿ ಅವನ ಶಂಕೆ ತಪ್ಪಲ್ಲ. ಒಂದೇ ಮನೆಯ ಎರಡು ಕೋಣೆಗಳೆಂದು ನೋಡಿದೊಡನೆ ತಿಳಿಯಬೇಕು. ಆದರೂ ಹೋಲಿಕೆಯೊಂದೇ ಸಾಕ್ಷಿಯಲ್ಲ. ಹಣ ಕಳುಹಿಸುವ ಮುನ್ನ ಮೇಲಿರುವ ವಿಳಾಸದ ಸಾಲನ್ನು ಓದುವುದು ಎಲ್ಲರಿಗೂ ಹಿತ. ಅದಕ್ಕಾಗಿಯೇ ಹೊಸ ಪುಟವನ್ನು ಬೇರೆ ಹೆಸರಿನಲ್ಲಿಡದೆ ಸಂಘದ ವಿಳಾಸದ ಅಡಿಯಲ್ಲಿಯೇ ಇಡುವುದು ಮೇಲು.

ಮೊದಲ ಕೆಲಸ ಅಳತೆ ತೆಗೆಯುವುದು. ಊರಿನಲ್ಲಿ ಹಂಚಿನ ಮನೆಗೆ ಹೊಸ ಮಾಡು ಸೇರಿಸುವವನು ಹಳೆಯ ಹಂಚೊಂದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುತ್ತಾನಷ್ಟೆ. ಹಾಗೆಯೇ ಹಳೆಯ ತಾಣದ ಬಣ್ಣ, ಅಕ್ಷರದ ಹೆಸರು ಮತ್ತು ಗಾತ್ರ, ಪುಟದ ಅಗಲ, ತಲೆಪಟ್ಟಿಯ ಎತ್ತರ, ವಿಷಯಗಳ ಸಾಲು ಇರುವ ಜಾಗ ಈ ಐದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ಬಣ್ಣವನ್ನು ಕಣ್ಣಂದಾಜಿನಿಂದ ಹಿಡಿಯಬಾರದು. ಕೆಂಪು ಎಂದರೆ ಕುಂಕುಮದ ಕೆಂಪೋ, ಇಟ್ಟಿಗೆಯ ಕೆಂಪೋ? ಜಾಲತಾಣದ ಬಣ್ಣವನ್ನು ಸಾಮಾನ್ಯವಾಗಿ ಆರು ಸ್ಥಾನಗಳ ಒಂದು ಸಂಕೇತದಿಂದ ಗುರುತಿಸುತ್ತಾರೆ. ಕಂಪ್ಯೂಟರಿನಲ್ಲಿ ಪುಟದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ 'ಇನ್ಸ್‌ಪೆಕ್ಟ್' ಎಂಬುದನ್ನು ಆರಿಸಿದರೆ ಬಣ್ಣದ ಸಂಕೇತವೂ ಅಕ್ಷರದ ಹೆಸರೂ ಸಿಗುತ್ತವೆ.

ಎರಡನೆಯದು ಅಕ್ಷರ. ನಮ್ಮವರಿಗೆ ಮುಖ್ಯವಾದುದು ಇದೇ. ಹೆಚ್ಚಿನ ಥೀಮುಗಳನ್ನು ಇಂಗ್ಲಿಷ್ ಬರಹವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ನಮ್ಮ ಅಕ್ಷರಕ್ಕಾದರೋ ಮೇಲೆ ಗುಣಿತ, ಕೆಳಗೆ ಒತ್ತು. ಸಾಲುಗಳ ನಡುವೆ ಸ್ಥಳ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಇಂಗ್ಲಿಷಿಗೆ ಅಕ್ಷರದ ಗಾತ್ರದ ಒಂದೂವರೆ ಪಾಲು ಸಾಲಿನ ಎತ್ತರ ಸಾಕೆನಿಸಿದರೆ, ಕನ್ನಡಕ್ಕೆ 1.7ರಷ್ಟನ್ನು ಇಟ್ಟು ನೋಡುವುದು ಒಳ್ಳೆಯದು. ಎರಡು ಲಿಪಿಗಳನ್ನು ಒಂದೇ ಪುಟದಲ್ಲಿ ಹೊಂದಿಸುವ ಈ ಕಷ್ಟ ಹೊಸದಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನ ಪುಟಗಳಲ್ಲಿಯೂ ಎರಡೂ ಲಿಪಿಗಳು ಕೂಡಿಯೇ ಇವೆ.

ಥೀಮಿನ ಫಾಂಟಿನಲ್ಲಿ ಕನ್ನಡವಿಲ್ಲದಿದ್ದರೆ ಓದುಗನ ಮೊಬೈಲು ತನ್ನಲ್ಲಿರುವ ಕನ್ನಡವನ್ನು ತೋರಿಸುತ್ತದೆ. ಹೀಗೆ ಒಂದೇ ಪುಟ ಒಬ್ಬರಿಗೆ ಒಂದು ಬಗೆ, ಇನ್ನೊಬ್ಬರಿಗೆ ಇನ್ನೊಂದು ಬಗೆ ಕಾಣುವುದು. ಮೊಬೈಲಿನಲ್ಲಿಯೂ ಕನ್ನಡವಿಲ್ಲವಾದರೆ ಬರಿಯ ಚೌಕಗಳೇ ಗತಿ. ಆದುದರಿಂದ ಹಳೆಯ ತಾಣದ ಕನ್ನಡ ಫಾಂಟನ್ನೇ ಹೊಸದಕ್ಕೂ ಕೂಡಿಸಬೇಕು. ಹೊಸದಾಗಿ ಆರಿಸಬೇಕಾದರೆ ನೋಟೊ ಸಾನ್ಸ್ ಕನ್ನಡವಿದೆ; ಮುಂಬಯಿಯ ಏಕ್ ಟೈಪ್ ಸಂಸ್ಥೆಯ ಬಲೂ ತಮ್ಮ, ಅನೇಕ್ ಕನ್ನಡಗಳಿವೆ. ಇವೆಲ್ಲ ಉಚಿತ. ಹಳೆಯ ತಾಣದ ಬರಹ ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತದಲ್ಲಿದ್ದರೆ ಅದನ್ನು ಮೊದಲು ಯೂನಿಕೋಡಿಗೆ ತರಬೇಕು. 1991ರ ಮೊದಲ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಯೂನಿಕೋಡಿನಲ್ಲಿಲ್ಲದ ಬರಹ ಗೂಗಲಿನಲ್ಲಿ ಕನ್ನಡದಲ್ಲಿ ಹುಡುಕುವವನ ಕೈಗೆ ಸಿಗುವುದು ಕಷ್ಟ.

ಮೂರನೆಯದು ಕಟ್ಟಡ. ಬಣ್ಣವನ್ನು ಐದು ನಿಮಿಷದಲ್ಲಿ ಬದಲಾಯಿಸಬಹುದು, ಗೋಡೆಯನ್ನು ಹಾಗೆ ಬದಲಾಯಿಸಲಾಗದು. ಆದುದರಿಂದ ಬಣ್ಣ ನೋಡಿ ಮರುಳಾಗದೆ, ತಲೆಪಟ್ಟಿ, ಅಗಲ, ಪಕ್ಕದ ಅಂಕಣ ಇವು ಹಳೆಯದನ್ನು ಹೋಲುವ ಥೀಮನ್ನು ಆರಿಸಬೇಕು. ಮಾದರಿಯಲ್ಲಿ ತೋರಿಸುವ ಹಿಮಪರ್ವತ, ಕಾಫಿ ಲೋಟಗಳ ಚಿತ್ರಗಳು ನಮ್ಮವಲ್ಲ. ಅವನ್ನು ತೆಗೆದ ಮೇಲೂ ಪುಟ ಚೆನ್ನಾಗಿದೆಯೇ ಎಂದು ನೋಡಬೇಕು. ಸೊಗಸು ಕಡಿಮೆಯಿದ್ದಷ್ಟೂ ಹೊಂದಿಸುವುದು ಸುಲಭ, ಮೊಬೈಲಿಗೂ ಹಗುರ.

ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರದಲ್ಲಿಯೇ ಉಚಿತ ಥೀಮುಗಳು ಬೇಕಾದಷ್ಟಿವೆ. ಬೆಲೆಬಾಳುವುದನ್ನು ಕದ್ದು ಪುಕ್ಕಟೆ ಹಂಚುವ ಕಡೆಗೆ ಹೋಗಲೇಬಾರದು. ಅಂಥವುಗಳೊಳಗೆ ಕೆಡುಕಿನ ಸೂಚನೆಗಳನ್ನು ಅಡಗಿಸಿರುವುದುಂಟು. ಥೀಮಿನ ಕಡತಗಳನ್ನೇ ತಿದ್ದುವುದಾದರೆ ಮೂಲವನ್ನು ಮುಟ್ಟದೆ 'ಚೈಲ್ಡ್ ಥೀಮ್' ಎಂಬ ಮರಿಯನ್ನು ಮಾಡಿ ಅದರಲ್ಲಿ ತಿದ್ದಬೇಕು. ಇಲ್ಲವಾದರೆ ಮೂಲದ ಹೊಸ ಆವೃತ್ತಿ ಬಂದ ದಿನ ನಮ್ಮ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ.

ಕೊನೆಗೆ ಪರೀಕ್ಷೆ. ವೈಶಿಷ್ಟ್ಯ, ಸ್ತ್ರೀ, ಕಾರ್ಯಕರ್ತ ಮುಂತಾದ ಒತ್ತು ತುಂಬಿದ ಮಾತುಗಳನ್ನು ಬರೆದು, ಒಂದು ಹೊಸ, ಒಂದು ಹಳೆಯ ಮೊಬೈಲಿನಲ್ಲಿ ತೆರೆದು, ಕನ್ನಡಕ ಹಾಕುವ ಹಿರಿಯರೊಬ್ಬರಿಂದ ಓದಿಸಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ 4.5ಕ್ಕೆ 1ರಷ್ಟಾದರೂ ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಇದನ್ನು ಅಳೆಯುವ ಉಚಿತ ಸಾಧನಗಳಿವೆ. ಹಳೆಯ ತಾಣವೇ ಮೊಬೈಲಿನಲ್ಲಿ ಓದಲಾಗದಂತಿದ್ದರೆ ಅದರ ದೋಷಕ್ಕೆ ಹೊಸದನ್ನು ಹೊಂದಿಸಬೇಕಾಗಿಲ್ಲ. ಎರಡನ್ನೂ ಒಟ್ಟಿಗೇ ತಿದ್ದುವುದು ಲೇಸು.

ಇದಕ್ಕೆಲ್ಲ ದೊಡ್ಡ ಖರ್ಚಾಗಲಿ ದೊಡ್ಡ ವಿದ್ಯೆಯಾಗಲಿ ಬೇಕಿಲ್ಲ. ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನಮ್ಮ ವಾಚಕರು ಎರಡು ಭಾನುವಾರಗಳನ್ನು ತಮ್ಮ ಸಂಘಕ್ಕೆ ಕೊಟ್ಟರೆ, ಗಾಡಿಯಲ್ಲಿ ನಿಂತ ಆ ತಂದೆಗೆ ಬೇಕಾದ ತಾರೀಖು ಸಂಶಯವಿಲ್ಲದೆ ದೊರೆತೀತು.