ಗಾಳಕ್ಕೆ ಸಿಕ್ಕ ಮೊದಲ ಮೀನು
ಮೀನು ಅಂದ್ರೆ ಸಂತೆಯಿಂದ ತಂದು, ತೊಳೆದು ಸಾರು ಮಾಡುವುದಷ್ಟೇ ನಮ್ಮ ಕೆಲಸ ಎಂದುಕೊಂಡಿದ್ದೀರಾ, ಗೆಳತಿಯರೇ? ಐನಾಪುರದ ನಾನೂ ನಲವತ್ತು ದಾಟುವವರೆಗೆ ಹಾಗೇ ತಿಳಿದಿದ್ದೆ. ಹಿರಿಮಗಳು ಬಾಣಂತನಕ್ಕೆ ಬಂದಿದ್ದಳು. ಕೊರಮೀನಿನ ಸಾರು ಕುಡಿದರೆ ಮೈಗೆ ಶಕ್ತಿ ಅಂತಾರಲ್ಲ, ಸಂತೆಯಲ್ಲಿ ಅದರ ರೇಟು ಕೇಳಿ ಸುಮ್ಮನಾದೆ. ಮಗನ ಗಾಳ ಇಸಕೊಂಡು, ಅತ್ತೆಯ ಜೊತೆ ಚಿಂಚೋಳಿ ಬಳಿಯ ಮುಲ್ಲಾಮಾರಿ ನದಿಗೆ ಹೋದೆ. ಚಂದ್ರಂಪಳ್ಳಿ ಕಡೆಯ ಕಾಡು 2011ರಿಂದ ವನ್ಯಜೀವಿ ಧಾಮ. ಆ ಕಡೆ ಮಾತ್ರ ಗಾಳ ಒಯ್ಯಬೇಡಿ.

ಎರೆಹುಳ ಚುಚ್ಚುವಾಗ ಕೈ ನಡುಗಿತು. ಎರಡು ತಾಸು ಕೂತರೂ ಏನೂ ಇಲ್ಲ. ಆಗ ಜೊಂಡಿನ ಹತ್ತಿರ ನೀರು ಕುಂಕುಮ ಚೆಲ್ಲಿದ ಹಾಗೆ ಕಂಡಿತು. ಅಲ್ಲಿಗೆ ಎಸೆದದ್ದೇ ತಡ, ದಾರ ಜಗ್ಗಿತು ನೋಡಿ! ಸೀರೆ ನೆನೆದದ್ದೂ ಗೊತ್ತಾಗಲಿಲ್ಲ. ಹಾವಿನಂಥ ತಲೆ, ಮೊಳದುದ್ದದ ಕೊರಮೀನು! ನನ್ನದೇ ಮೊದಲ ಮೀನು!

ಅತ್ತೆ ಬಗ್ಗಿ ನೋಡಿದರು. "ಆ ಕೆಂಪು ಇದರ ಮರಿಗಳವ್ವಾ, ಕಾಯ್ಲಿಕ್ಕೆ ನಿಂತಿತ್ತು ಇದು."

ಮರಿಗಳ ಹತ್ತಿರ ಏನೇ ಬಂದರೂ ಈ ಮೀನು ಹಸಿವಿಲ್ಲದಿದ್ದರೂ ಕಚ್ಚುತ್ತದೆ. ಕಾಯುವುದು ಹೆಚ್ಚಾಗಿ ಗಂಡು ಮೀನೇ (ಮನೆಯವರಿಗೆ ಓದಿ ಹೇಳಿ!). ನೀರಿನ ಮೇಲೆ ಬಂದು ಗಾಳಿ ಕುಡಿಯುವ ಜಾತಿ. ಬುಟ್ಟಿಯಲ್ಲಿ ಇನ್ನೂ ಮಿಸುಕಾಡುತ್ತಿತ್ತು. ಒಳಗೆ ಕೂಸು, ಬಾಣಂತಿ ನೆನಪಾದರು. ಒಂದು ಗಳಿಗೆ ಮನಸ್ಸು ಬರಲಿಲ್ಲ, ಸುಳ್ಳೇಕೆ ಹೇಳಲಿ? ಆಮೇಲೆ ಮೆಲ್ಲಗೆ ಗಾಳ ಬಿಡಿಸಿ, ಜೊಂಡಿನ ಬುಡದಲ್ಲೇ ಬಿಟ್ಟೆ.

ಮಗಳಿಗೆ ಆ ರಾತ್ರಿ ತೊಗರಿಬೇಳೆ ಕಟ್ಟು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. "ಮೀನು ಎಲ್ಲಿ?" ಎಂದಳು.